ಹುಡಿ ಉದುರುವ ಮೆಷಿನ್ ನಿಲ್ಲಿಸಿ

ಮೊನ್ನೆ ಕಲ್ಲುಗುಂಡಿಯ ಚಾದ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ನಮ್ಮೂರಿನವರೇ ಒಬ್ಬರು, ನನ್ನ ಹಾಗೆ ತೋಟ ಇರುವವರು, ಮರ ಕೊಯ್ಯುವ ಮೆಷಿನನ್ನು ಬೈಯುತ್ತಿದ್ದರು. "ಈಗಿನ ಚೈನ್ ಎಲ್ಲ ಡೂಪ್ಲಿಕೇಟ್ ಮಾರಾಯ್ರೆ. ಎರಡು ದಿನ ಕೊಯ್ದರೆ ಮುಗೀತು. ಮೊದಲಿನ ಹಾಗೆ ಬರುದೇ ಇಲ್ಲ." ಸುತ್ತ ಇದ್ದವರೆಲ್ಲ ಹೌದು ಹೌದು ಅಂದರು. ಒಬ್ಬರು ಚೀನಾವನ್ನು ಬೈದರು, ಇನ್ನೊಬ್ಬರು ಸರಕಾರವನ್ನು ಬೈದರು. ನಾನು ಮಾತಾಡಲಿಲ್ಲ, ಅವರ ಪಂಚೆಯನ್ನು ನೋಡುತ್ತಿದ್ದೆ. ಮೊಣಕಾಲಿನಿಂದ ಕೆಳಗೆ ಪೂರಾ ಬಿಳಿ ಹುಡಿ. ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಇದ್ದರು.

ಹಸಿ ಮರ ಕೊಯ್ಯುವಲ್ಲಿ ನಿಂತು ಬಂದವನ ಬಟ್ಟೆಗೆ ಹುಡಿ ಹಿಡಿದಿದ್ದರೆ ಅಲ್ಲಿ ಮರ ಕೊಯ್ದದ್ದಲ್ಲ, ಮರ ಉಜ್ಜಿದ್ದು. ಹರಿತ ಇರುವ ಚೈನ್ ಹುಡಿ ಮಾಡುದಿಲ್ಲ, ಚಕ್ಕೆ ಮಾಡುತ್ತದೆ. ದಪ್ಪ ಅವಲಕ್ಕಿಯಷ್ಟು, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡ ಚಕ್ಕೆಗಳು ಮೆಷಿನಿನ ಹಿಂದೆ ರಾಶಿ ಬೀಳುತ್ತವೆ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುದಿಲ್ಲ. ಇದು ನನ್ನ ದೊಡ್ಡ ಸಂಶೋಧನೆ ಏನಲ್ಲ, ಮೆಷಿನ್ ಹಿಡಿಯುವ ಪ್ರತಿಯೊಬ್ಬನಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದವರು ನಾವು, ಮೆಷಿನಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವವರು. ಈ ಲೇಖನ ನಮ್ಮ ವಿರುದ್ಧ. ನನ್ನ ಹೆಸರನ್ನು ಮೊದಲು ಬರೆದುಕೊಂಡೇ ಶುರು ಮಾಡುತ್ತೇನೆ.

ಎರಡು ಮಳೆಗಾಲದ ಹಿಂದಿನ ಕಥೆ. ರಾತ್ರಿ ಗಾಳಿಗೆ ನಮ್ಮ ತೋಟದ ದಾರಿಗೆ ಅಡ್ಡವಾಗಿ ಹಲಸಿನ ಮರ ಬಿತ್ತು. ಬೆಳಗ್ಗೆ ಮೆಷಿನಿನವ ಬಂದ. ನನಗಿಂತ ಹತ್ತು ವರ್ಷ ಸಣ್ಣವ, ಊರಿನವನೇ. ಮರ ಬಿದ್ದದ್ದು ಕೆಸರಿನಲ್ಲಿ, ತೊಗಟೆಯ ಮೇಲೆಲ್ಲ ಮಣ್ಣು. ನಾಲ್ಕು ತುಂಡು ಆಗುವಾಗ ಮೆಷಿನಿನ ಸ್ವರ ಬದಲಾಯಿತು. ಚಕ್ಕೆ ನಿಂತು ಹುಡಿ ಬರಲಿಕ್ಕೆ ಶುರುವಾಯಿತು. ಅವ ಮೆಷಿನ್ ಆಫ್ ಮಾಡಿ, "ಅಣ್ಣಾ, ಸ್ವಲ್ಪ ನಿಲ್ಲಿ, ಫೈಲ್ ಹಾಕ್ತೇನೆ" ಅಂದ. ಮೋಡ ಕಪ್ಪಾಗುತ್ತಿತ್ತು. ನನಗೆ ಜೀಪು ಒಳಗೆ ಬರಬೇಕಿತ್ತು. ನಾನು ಹೇಳಿದ ಮಾತು ಇಷ್ಟೇ: "ಇರ್ಲಿ ಮಾರಾಯ, ಇದೊಂದು ತುಂಡು ಮುಗಿಸು, ಮತ್ತೆ ಹಾಕುವ."

ಅವ ಮುಗಿಸಿದ. ಹೇಗೆ ಅಂದರೆ, ಮೈಯ ಭಾರವನ್ನೆಲ್ಲ ಮೆಷಿನಿನ ಮೇಲೆ ಹಾಕಿ ಒತ್ತಿ. ಮೊಂಡು ಚೈನ್ ತಾನಾಗಿ ಇಳಿಯುದಿಲ್ಲ ನೋಡಿ, ಒತ್ತಬೇಕು. ಮರ ತುಂಡಾಗುವ ಹೊತ್ತು ಅಡಿಯ ಆಧಾರ ತಟ್ಟನೆ ತಪ್ಪಿತು. ಒತ್ತಿದ ಭಾರ ಹಾಗೆಯೇ ಕೆಳಗೆ ಬಂತು, ಮೆಷಿನ್ ಸಮೇತ. ಅವನ ಎಡಗಾಲಿನ ಮೊಣಕಾಲಿನ ಕೆಳಗೆ ಹನ್ನೊಂದು ಹೊಲಿಗೆ ಬಿತ್ತು. ಸುಳ್ಯಕ್ಕೆ ಹೋಗುವ ದಾರಿಯುದ್ದಕ್ಕೂ ನನ್ನ ಬೈರಾಸು ಅವನ ಕಾಲಿಗೆ ಸುತ್ತಿತ್ತು. ಎಲುಬಿಗೆ ತಾಗಲಿಲ್ಲ ಎಂಬುದು ಅವನ ಅದೃಷ್ಟ, ನನ್ನದೂ. ಒಂದೂವರೆ ತಿಂಗಳು ಅವನಿಗೆ ಕೆಲಸವಿಲ್ಲ. ಮದ್ದಿನ ಖರ್ಚು, ಮನೆಯ ಖರ್ಚು ಕೊಟ್ಟೆ. ಕೊಟ್ಟೆ ಎಂದು ಬರೆಯುವಾಗ ನಾಚಿಕೆಯಾಗುತ್ತದೆ. ಹತ್ತು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಗುಣವಾದ ಮೇಲೆ ಒಂದು ದಿನ ಕೇಳಿದೆ: "ನೀನು ನನ್ನ ಮಾತು ಯಾಕೆ ಕೇಳಿದ್ದು? ಆಗುದಿಲ್ಲ ಅಂತ ಹೇಳಬಹುದಿತ್ತಲ್ಲ?" ಅವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಣ್ಣಾ, ಅದರ ಮೊದಲಿನ ವರ್ಷ ರಬ್ಬರ್ ಕೊಯ್ಯುವಾಗ ಫೈಲ್ ಹಾಕಿದ ಹೊತ್ತನ್ನು ನೀವು ಲೆಕ್ಕದಿಂದ ತೆಗೆದಿದ್ರಿ."

ತೆಗೆದಿದ್ದೆ. ಇಪ್ಪತ್ತು ನಿಮಿಷ. ನನಗೆ ಅದು ಮರೆತೇಹೋಗಿತ್ತು.

ಈಗ ವಿಷಯಕ್ಕೆ ಬರುವ. ನಮಗೆಲ್ಲ ಒಂದು ನಂಬಿಕೆ ಉಂಟು. ಮೆಷಿನ್ ಶಬ್ದ ಮಾಡುತ್ತಿದ್ದರೆ ಕೆಲಸ ಆಗ್ತಾ ಉಂಟು, ಶಬ್ದ ನಿಂತರೆ ಕೆಲಸ ನಿಂತಿತು ಅಂತ. ಕತ್ತಿಯ ವಿಷಯದಲ್ಲಿ ನಾವು ಹಾಗೆ ಯೋಚಿಸುದಿಲ್ಲ. ಸೊಪ್ಪು ಕಡಿಯುವವ ಬೆಳಗ್ಗೆ ಕತ್ತಿ ಮಸೆಯುತ್ತಾ ಕೂತರೆ ಅವನನ್ನು ಸೋಮಾರಿ ಅನ್ನುವವರಿಲ್ಲ. ಬಡಗಿ ಉಳಿಗೆ ಸಾಣೆ ಹಿಡಿದರೆ ಒಳ್ಳೆಯ ಬಡಗಿ ಅನ್ನುತ್ತೇವೆ. ಆದರೆ ಮೆಷಿನಿನವ ಮರದ ಬುಡದಲ್ಲಿ ಕೂತು ಫೈಲ್ ಹಿಡಿದರೆ ಮಾತ್ರ ನಮ್ಮ ಕಣ್ಣು ಮೊಬೈಲಿನ ಗಡಿಯಾರಕ್ಕೆ ಹೋಗುತ್ತದೆ. ಯಾಕೆ? ಪೆಟ್ರೋಲ್ ಹಾಕಿದರೆ ತಾನೇ ಕೊಯ್ಯುತ್ತದೆ ಎಂದು ತಿಳಿದುಕೊಂಡಿದ್ದೇವೆ. ಪೆಟ್ರೋಲ್ ಚೈನನ್ನು ತಿರುಗಿಸುತ್ತದೆ ಅಷ್ಟೇ. ಕೊಯ್ಯುವುದು ಹಲ್ಲು.

ಆ ಹಲ್ಲು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ಕೂತು ನೋಡಿ. ಮೆಷಿನ್ ಆಫ್ ಇರುವಾಗ, ಕೈಗೆ ದಪ್ಪದ ಗ್ಲೌಸ್ ಹಾಕಿ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಉಂಟು. ಅದು ಕೊಯ್ಯುವುದಿಲ್ಲ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎಂದು ನಿಶ್ಚಯ ಮಾಡುವುದು ಅದರ ಕೆಲಸ. ಡೆಪ್ತ್ ಗೇಜ್ ಅನ್ನುತ್ತಾರೆ. ಬಡಗಿಯ ಕೀಸುಳಿಯಲ್ಲಿ ಅಲಗು ಎಷ್ಟು ಹೊರಗೆ ಬಂದಿದೆಯೋ ಅಷ್ಟೇ ದಪ್ಪದ ಸಿಪ್ಪೆ ಏಳುತ್ತದಲ್ಲ, ಅದೇ ಲೆಕ್ಕ. ಈ ಗುಬುಟಿಗೂ ಹಲ್ಲಿಗೂ ನಡುವೆ ಒಂದು ಗುಳಿ. ಹಲ್ಲು ಎತ್ತಿದ ಚಕ್ಕೆ ಆ ಗುಳಿಯಲ್ಲಿ ಕೂತು, ಕೊಯ್ತದಿಂದ ಹೊರಗೆ ಬಂದು ಬೀಳಬೇಕು. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಕಚ್ಚುವುದು, ಹೊರುವುದು, ಚೆಲ್ಲುವುದು ಮೂರೂ ನಡೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಕೆಟ್ಟಹಾಗೆ.

ಈ ಹಲ್ಲು ಬಂದ ಕಥೆಯೂ ಮರದ ಹುಡಿಯಿಂದಲೇ ಶುರು. ಮೊದಲಿನ ಚೈನುಗಳಲ್ಲಿ ಗರಗಸದ ಹಾಗೆ ಗೀರುವ ಹಲ್ಲುಗಳಿದ್ದವು. ಅವು ಹುಡಿಯನ್ನೇ ಮಾಡುತ್ತಿದ್ದವು, ಮತ್ತೆ ಮತ್ತೆ ಫೈಲ್ ಕೇಳುತ್ತಿದ್ದವು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವ ಒಂದು ಬುಡದಲ್ಲಿ ದುಂಬಿಯ ಮರಿಹುಳ ಮರ ತಿನ್ನುವುದನ್ನು ಕಂಡ. ಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತಾ, ನಾರಿಗೆ ಅಡ್ಡ, ನಾರಿನ ಉದ್ದಕ್ಕೆ ಎಂದು ನೋಡದೆ ನುಗ್ಗುತ್ತಿತ್ತು. ಅದರ ದವಡೆಯನ್ನೇ ಉಕ್ಕಿನಲ್ಲಿ ಮಾಡಿದರೆ ಹೇಗೆ ಎಂದು ಯೋಚಿಸಿ ಅವನು ಮಾಡಿದ ಚೈನ್ 1947ರಿಂದ ಮಾರಾಟಕ್ಕೆ ಬಂತು. ಇವತ್ತು ಸಂಪಾಜೆಯಲ್ಲಿ ಓಡುವ ಮೆಷಿನಿನ ಚೈನಿಗೂ ಅದೇ ಅಜ್ಜ. ತೆಂಗಿನ ಸುಳಿಗೆ ಕುರುವಾಯಿ ಹೊಕ್ಕಿದೆಯೋ ಎಂದು ನಾವು ತೂತಿನ ಬಾಯಲ್ಲಿ ಬಿದ್ದ ನಾರು ನೋಡಿ ಹೇಳುತ್ತೇವೆ. ಹುಳದ ಕೆಲಸವನ್ನು ಹೊರಗೆ ಬಿದ್ದದ್ದು ನೋಡಿ ಅಳೆಯಲು ಗೊತ್ತಿರುವ ನಮಗೆ ಮೆಷಿನಿನ ಕೆಲಸವನ್ನು ಹಾಗೆ ಅಳೆಯಲು ಯಾಕೆ ಬರುವುದಿಲ್ಲ?

ನಮ್ಮ ಊರಿನಲ್ಲಿ ಚೈನ್ ಬೇಗ ಮೊಂಡಾಗುತ್ತದೆ, ಅದು ನಿಜ. ಕಾರಣ ಚೀನಾ ಅಲ್ಲ, ನಮ್ಮ ಮರ ಮತ್ತು ನಮ್ಮ ಮಣ್ಣು. ಹಳದಿ ಎಲೆ ರೋಗ ಬಂದು ಸಂಪಾಜೆ, ಅರಂತೋಡು ಕಡೆಯ ತೋಟಗಳಲ್ಲಿ ಎಷ್ಟು ಅಡಿಕೆ ಮರ ನೆಲಕ್ಕೆ ಬಿದ್ದಿವೆ ಎಂದು ನಾನು ಹೇಳಬೇಕಾಗಿಲ್ಲ. ಅಡಿಕೆ, ತೆಂಗು ಮುಂತಾದ ತಾಳೆ ಜಾತಿಯ ಮರಗಳ ಮೈಯಲ್ಲಿ ಸಿಲಿಕಾ ಉಂಟು, ಮರಳಿನಲ್ಲಿ ಇರುವ ಅದೇ ವಸ್ತು. ಹಲ್ಲಿಗೆ ಅದು ಸಾಣೆಯ ಉಲ್ಟಾ ಕೆಲಸ ಮಾಡುತ್ತದೆ. ಮೇಲಿಂದ ಅವುಗಳ ನಾರು ಉದ್ದುದ್ದ ಎದ್ದು ಬಂದು ಚೈನ್ ತಿರುಗಿಸುವ ಚಕ್ರದ ಮುಚ್ಚಳದೊಳಗೆ ಉಂಡೆ ಕಟ್ಟುತ್ತದೆ. ರಬ್ಬರಾದರೆ ಹಾಲು, ಹಲಸಾದರೆ ಅಂಟು. ಇನ್ನು ಹೊಳೆಯ ಮರ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಡಿಕೇರಿ ರಸ್ತೆ ಮುಚ್ಚಿದ್ದು, ಪಯಸ್ವಿನಿ ಬುಡಸಮೇತ ಮರಗಳನ್ನು ಹೊತ್ತು ತಂದದ್ದು ನೆನಪಿದೆಯಲ್ಲ? ಅಂಥ ಮರದ ತೊಗಟೆಯ ಬಿರುಕಿನಲ್ಲೆಲ್ಲ ಹೊಯ್ಗೆ. ಹೊಸ ಚೈನಾದರೂ ಒಂದೇ ಕೊಯ್ತಕ್ಕೆ ಹಲ್ಲು ಹೋಗುತ್ತದೆ. ಕೊಯ್ಯುವ ಜಾಗದ ತೊಗಟೆಯನ್ನು ಕತ್ತಿಯಲ್ಲಿ ಕೆತ್ತಿ ತೆಗೆದು, ಮತ್ತೆ ಮೆಷಿನ್ ಇಡಬೇಕು. ಅದಕ್ಕೂ ಐದು ನಿಮಿಷ ಬೇಕು. ಅದನ್ನೂ ನಾವು ಕೊಡುವುದಿಲ್ಲ.

ಹೀಗಿರುವಾಗ ಫೈಲ್ ಹಾಕುವುದು ಯಾವಾಗ? ಪೆಟ್ರೋಲ್ ಟ್ಯಾಂಕ್ ಖಾಲಿಯಾದಾಗಲೆಲ್ಲ. ಹೇಗೂ ಮೆಷಿನ್ ನಿಲ್ಲುತ್ತದೆ, ಎಣ್ಣೆ ತುಂಬಿಸಬೇಕಾಗುತ್ತದೆ, ಆಗಲೇ ಹಲ್ಲಿಗೂ ಎರಡು ಮೂರು ಎಳೆತ. ಮಣ್ಣು, ಕಲ್ಲು, ಬೇಲಿಯ ಮೊಳೆ ತಾಗಿದರೆ ಟ್ಯಾಂಕ್ ಕಾಯಬಾರದು, ಅಲ್ಲೇ ನಿಲ್ಲಿಸಬೇಕು. 18 ಇಂಚಿನ ಬಾರಿನ ಚೈನಿನಲ್ಲಿ ಹೆಚ್ಚುಕಮ್ಮಿ 33ರಿಂದ 36 ಹಲ್ಲು ಇರುತ್ತವೆ. ಹಲ್ಲಿಗೆ ಮೂರರಂತೆ ನೂರು ಎಳೆತ. ಕೈ ಪಳಗಿದವನಿಗೆ ಹತ್ತು ನಿಮಿಷ.

ಕೆಲಸ ಕಲಿಯುವ ಹುಡುಗರಿಗಾಗಿ ಇಷ್ಟು ಬರೆದಿಡುತ್ತೇನೆ, ಬಲ್ಲವರು ಕ್ಷಮಿಸಬೇಕು. ಚೈನಿನ ಅಳತೆಗೆ ಸರಿಯಾದ ದುಂಡು ಫೈಲೇ ಬೇಕು. .325 ಪಿಚ್ಚಿನ ಚೈನಿಗೆ 4.8 ಮಿಲಿಮೀಟರ್, ಸಣ್ಣ ಮೆಷಿನುಗಳ ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರ್. ದೊಡ್ಡದಕ್ಕೆ ಚೈನಿನ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ ತರಬೇಕು. ಫೈಲಿನ ದಪ್ಪದ ಸುಮಾರು ಐದನೇ ಒಂದು ಪಾಲು ಹಲ್ಲಿನ ತಲೆಗಿಂತ ಮೇಲೆ ಇರಬೇಕು. ಕೋನ ಸಾಮಾನ್ಯವಾಗಿ 30 ಡಿಗ್ರಿ, ಹಲ್ಲಿನ ಮೇಲೆಯೇ ಗೆರೆ ಇರುತ್ತದೆ. ಒಳಗಿನಿಂದ ಹೊರಗೆ ದೂಡಬೇಕು, ಹಿಂದೆ ತರುವಾಗ ಎತ್ತಬೇಕು. ಅತ್ತಿತ್ತ ಉಜ್ಜಿದರೆ ಫೈಲೂ ಹಾಳು, ಹಲ್ಲೂ ಹಾಳು. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿ ಇನ್ನೊಂದು ಬದಿಗೆ ತಿರುಗಬೇಕು. ಎಲ್ಲ ಹಲ್ಲೂ ಒಂದೇ ಉದ್ದ ಇರಬೇಕು, ಅತಿ ಗಿಡ್ಡ ಹಲ್ಲೇ ಉಳಿದವಕ್ಕೆ ಅಳತೆ. ಎಡದ ಹಲ್ಲು ಉದ್ದ ಬಲದ್ದು ಗಿಡ್ಡ ಆದರೆ ಮೆಷಿನ್ ನೇರ ಇಳಿಯದೆ ಬಾಳೆಹಣ್ಣಿನ ಹಾಗೆ ಬಾಗಿ ಕೊಯ್ಯುತ್ತದೆ, ಬಾರ್ ಸಿಕ್ಕಿಕೊಳ್ಳುತ್ತದೆ.

ನಮ್ಮಲ್ಲಿ ಬಹಳ ಜನ ಇಷ್ಟನ್ನು ಮಾಡುತ್ತಾರೆ. ತಪ್ಪುವುದು ಗುಬುಟಿನಲ್ಲಿ. ಹಲ್ಲಿನ ಮೇಲ್ಮೈ ಹಿಂದಕ್ಕೆ ಇಳಿಜಾರು. ಫೈಲ್ ಹಾಕುತ್ತಾ ಹೋದಂತೆ ಹಲ್ಲು ಹಿಂದೆ ಸರಿಯುತ್ತದೆ, ಸರಿದಂತೆ ತಗ್ಗುತ್ತದೆ. ಮುಂದಿನ ಗುಬುಟು ಮಾತ್ರ ಇದ್ದಲ್ಲೇ, ಇದ್ದಷ್ಟೇ ಎತ್ತರ. ಸ್ವಲ್ಪ ಸಮಯದಲ್ಲಿ ಎರಡೂ ಸಮ ಆಗುತ್ತವೆ. ಆಮೇಲೆ ಹಲ್ಲು ಕ್ಷೌರದ ಬ್ಲೇಡಿನಷ್ಟು ಹರಿತ ಇದ್ದರೂ ಕಚ್ಚುವುದಿಲ್ಲ, ಗುಬುಟು ಮರದ ಮೇಲೆ ಜಾರುತ್ತಾ ಹಲ್ಲನ್ನು ಎತ್ತಿಹಿಡಿಯುತ್ತದೆ. ಬರುವುದು ಹುಡಿ. ಆ ಹುಡಿ ಗುಳಿಯಲ್ಲಿ ಎಣ್ಣೆಯೊಟ್ಟಿಗೆ ಕಲಸಿ ಗಟ್ಟಿಯಾಗಿ ಕೂರುತ್ತದೆ, ಬಾರಿನ ಗಾಡಿಗೆ ಇಳಿಯುತ್ತದೆ. ಆಗ ನಾವು "ಫೈಲ್ ಹಾಕಿದರೂ ಕೊಯ್ಯುದಿಲ್ಲ, ಚೈನೇ ಡೂಪ್ಲಿಕೇಟ್" ಅನ್ನುತ್ತೇವೆ! ನಾಲ್ಕೈದು ಸಲ ಫೈಲ್ ಹಾಕಿದ ಮೇಲೆ ಗೇಜಿನ ತಗಡು ಇಟ್ಟು, ಚಪ್ಪಟೆ ಫೈಲಿನಲ್ಲಿ ಗುಬುಟನ್ನು ತಗ್ಗಿಸಬೇಕು. ಸಾಧಾರಣ ಚೈನಿಗೆ ಅದು ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗೆ ಇದ್ದರೆ ಸರಿ. ತಗ್ಗಿಸಿದ ಮೇಲೆ ಅದರ ಮುಂದಿನ ಮೂಲೆಯನ್ನು ಮತ್ತೆ ದುಂಡು ಮಾಡಬೇಕು.

ಇದಕ್ಕೆ ವಿರುದ್ಧವಾದ ಹುಚ್ಚೂ ಉಂಟು. "ಚೆನ್ನಾಗಿ ಎಳೀಲಿ" ಅಂತ ಗುಬುಟನ್ನು ಕಣ್ಣಂದಾಜಿನಲ್ಲಿ ಉಜ್ಜಿ ಮಟ್ಟ ಮಾಡುವವರು. ಗಂಟೆ ಉಳಿಯುತ್ತದೆ ಅಂತ ತೋಟದ ಧನಿಗಳೂ ಹುಮ್ಮಸ್ಸು ಕೊಡುತ್ತಾರೆ. ಹಲ್ಲು ಆಗ ಹೊರಲಾರದಷ್ಟು ಕಚ್ಚುತ್ತದೆ, ಮೆಷಿನ್ ಗಕ್ಕನೆ ನಿಲ್ಲುತ್ತದೆ, ಕೈ ಅದುರುತ್ತದೆ. ಬಾರಿನ ಮೂತಿಯ ಮೇಲ್ಭಾಗ ಎಲ್ಲಾದರೂ ಕೊಂಬೆಗೆ ತಾಗಿದರೆ ಮೆಷಿನ್ ಹಿಡಿದವನ ಮುಖಕ್ಕೇ ಹಾರುತ್ತದೆ. ಅದು ಹಾರುವ ವೇಗದ ಎದುರು ಯಾರ ಕೈಬಲವೂ ನಿಲ್ಲುದಿಲ್ಲ. ಹಾಗಾಗಿ 0.65 ಎನ್ನುವ ಅಂಕಿ ಇಂಜಿನಿಯರುಗಳ ಶೋಕಿ ಅಲ್ಲ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠ. ಯಾಕೆಂದರೆ ಇವನ್ನೆಲ್ಲ ನಾನೂ ಹೇಳಿದವನೇ.

"ದಿನಾ ಫೈಲ್ ಹಾಕಿದರೆ ಚೈನ್ ಬೇಗ ಸವೆದು ಹೋಗ್ತದೆ." ಇಲ್ಲ. ಹಲ್ಲಿನ ಹೊರಮೈಗೆ ತೆಳ್ಳಗೆ ಕ್ರೋಮ್ ಲೇಪ ಇರುತ್ತದೆ, ಹರಿತವನ್ನು ಹಿಡಿದಿಡುವುದು ಅದು. ಸ್ವಲ್ಪ ಮೊಂಡಾದಾಗಲೇ ಹಾಕಿದರೆ ಎರಡು ಮೂರು ಎಳೆತಕ್ಕೆ ಮುಗಿಯಿತು. ಪೂರಾ ಹೊಡೆಸಿ, ಕ್ರೋಮ್ ಕಿತ್ತುಹೋಗುವವರೆಗೆ ಓಡಿಸಿದರೆ ಹಾಳಾದ ಭಾಗ ದಾಟುವ ತನಕ ಹದಿನೈದು ಎಳೆತ ಬೇಕು. ಯಾವುದರಲ್ಲಿ ಹಲ್ಲು ಹೆಚ್ಚು ಹೋಯಿತು, ನೀವೇ ಲೆಕ್ಕ ಹಾಕಿ.

"ಪೇಟೆಯಲ್ಲಿ ಗ್ರೈಂಡರಿಗೆ ಕೊಟ್ಟರೆ ಆಯ್ತು." ಒಳ್ಳೆಯ ಕೈಯವರು ಮಾಡಿದರೆ ಆಯ್ತು, ಬೇಡ ಅನ್ನುದಿಲ್ಲ. ಆದರೆ ಅವಸರದಲ್ಲಿ ಒತ್ತಿ ಹಿಡಿದರೆ ಹಲ್ಲಿನ ತುದಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದ ಉಕ್ಕಿನ ಹದ ಹೋಯಿತು ಅಂತ ಅರ್ಥ. ಒಂದು ಚೈನ್ ಪೇಟೆಗೆ ಹೋಗಿ ಬರುವಷ್ಟರಲ್ಲಿ ಇಲ್ಲಿ ಅರ್ಧ ದಿನದ ಕೂಲಿಯೂ ಹೋಗಿರುತ್ತದೆ.

"ಹುಡಿ ಬಂದದ್ದೆಲ್ಲ ಮೊಂಡು ಅಂತ ಹೇಗೆ ಹೇಳ್ತೀರಿ?" ಈ ಪ್ರಶ್ನೆ ಸರಿ, ಒಪ್ಪುತ್ತೇನೆ. ಒಣಗಿ ಕಲ್ಲಾದ ಮರದಲ್ಲಿ ಹರಿತ ಚೈನಿಗೂ ಹುಡಿ ಹೆಚ್ಚು. ಉದ್ದಕ್ಕೆ ಸೀಳಿ ಹಲಗೆ ಮಾಡುವಾಗ ಚಕ್ಕೆಯ ಬದಲು ಶಾವಿಗೆಯ ಹಾಗೆ ಎಳೆ ಬರುವುದೂ ಉಂಟು. ಹಲಗೆ ಸೀಳುವುದಕ್ಕೆ 10 ಡಿಗ್ರಿ ಕೋನದ ಬೇರೆ ಚೈನೇ ಸಿಗುತ್ತದೆ. ಹಾಗಾಗಿ ಒಂದೇ ಮರದಲ್ಲಿ, ಒಂದೇ ದಿನ, ಬೆಳಗ್ಗೆ ಬಂದದ್ದನ್ನೂ ಈಗ ಬರುವುದನ್ನೂ ಹೋಲಿಸಿ ನೋಡಿ. ಬೆಳಗ್ಗೆ ಚಕ್ಕೆ ಇದ್ದು ಈಗ ಹುಡಿ ಆಗಿದ್ದರೆ ಮರ ಬದಲಾದದ್ದಲ್ಲವಲ್ಲ?

"ಅದೆಲ್ಲ ಮೆಷಿನಿನವನ ಜವಾಬ್ದಾರಿ, ನಮ್ಮದೆಂತ?" ಇಲ್ಲಿಗೆ ನನ್ನ ಜಗಳ ಬಂದು ನಿಲ್ಲುತ್ತದೆ. ಮೆಷಿನ್ ಅವನದು, ಚೈನ್ ಅವನದು, ಫೈಲ್ ಅವನದು, ಕಾಲೂ ಅವನದು. ನಮ್ಮದು ಗಡಿಯಾರ ಮಾತ್ರ. ಆ ಗಡಿಯಾರವನ್ನು ನಾವು ಹಿಡಿದ ರೀತಿಯೇ ಅವನ ಕೈಯಿಂದ ಫೈಲ್ ಕಿತ್ತುಕೊಳ್ಳುವುದು. ಮೆಷಿನಿನ ಶಬ್ದಕ್ಕೆ ಮಾತ್ರ ದುಡ್ಡು ಕೊಡುತ್ತೇವೆ ಎಂದರೆ ಅವ ಶಬ್ದ ಮಾಡುತ್ತಲೇ ಇರುತ್ತಾನೆ, ಮೊಂಡು ಚೈನಿನಲ್ಲಿ, ಮೈ ಭಾರ ಹಾಕಿ, ಬರ್ಮುಡಾ ಚಡ್ಡಿಯಲ್ಲಿ. ದಿನವಿಡೀ ಆ ಅದುರುವಿಕೆ ಹಿಡಿದ ಕೈಯ ಬೆರಳುಗಳು ವರ್ಷಗಳ ಮೇಲೆ ಜೋಮು ಹಿಡಿಯುತ್ತವೆ, ಚಳಿಗೆ ಬಿಳಿಚಿಕೊಳ್ಳುತ್ತವೆ. ಇದಕ್ಕೆಲ್ಲ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ. ಲೆಕ್ಕದಲ್ಲಿ ಉಳಿಯುವುದು "ಫೈಲ್ ಹಾಕಿದ್ದು, 20 ನಿಮಿಷ, ಕಳೆದದ್ದು."

ಬರೀ ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಇದು ದಡ್ಡತನ. ಮೊಂಡು ಚೈನ್ ಅದೇ ಮರಕ್ಕೆ ಹೆಚ್ಚು ಹೊತ್ತು, ಹೆಚ್ಚು ಪೆಟ್ರೋಲ್ ತಿನ್ನುತ್ತದೆ. ಹೊತ್ತಿಗೆ ದುಡ್ಡು ಕೊಡುವವರು ನಾವೇ ಅಲ್ಲವಾ? ಹತ್ತು ನಿಮಿಷ ಉಳಿಸಲಿಕ್ಕೆ ಹೋಗಿ ಗಂಟೆ ಕೊಡುತ್ತೇವೆ. ಆದರೆ ದುಡ್ಡಿನ ಲೆಕ್ಕ ತೋರಿಸಿ ನಿಮ್ಮನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ಲಾಭ ಆಗದಿದ್ದರೂ ಆ ಹತ್ತು ನಿಮಿಷ ಅವನಿಗೆ ಸಲ್ಲಬೇಕಾದದ್ದು.

ಮಳೆಗಾಲದಲ್ಲಿ ಮಡಿಕೇರಿ ರಸ್ತೆಗೆ ಮರ ಬಿದ್ದಾಗ ಮೊದಲು ಓಡಿ ಬರುವುದು ಇದೇ ಹುಡುಗರು. ಆಂಬುಲೆನ್ಸ್ ನಿಂತಿರುತ್ತದೆ, ಬಸ್ಸು ನಿಂತಿರುತ್ತದೆ, ಹಿಂದಿನಿಂದ ಹಾರ್ನು, "ಬೇಗ ಕೊಯ್ರಿ ಮಾರಾಯ್ರೆ" ಎಂಬ ಬೊಬ್ಬೆ. ಮಣ್ಣು ಮೆತ್ತಿದ ಮರ, ಜಾರುವ ನೆಲ. ಅಂಥ ಕಡೆ ಅವರ ಮೆಷಿನಿನಲ್ಲಿ ಹರಿತದ ಚೈನ್, ಜೇಬಿನಲ್ಲಿ ಇನ್ನೊಂದು ಚೈನ್ ಇರಬೇಕಾದರೆ ಉಳಿದ ದಿನ ನಮ್ಮ ತೋಟದಲ್ಲಿ ಫೈಲ್ ಹಾಕುವ ಅಭ್ಯಾಸ ಉಳಿದಿರಬೇಕು. ನಾವು ಆ ಅಭ್ಯಾಸ ತಪ್ಪಿಸಿ, ಕಷ್ಟಕಾಲಕ್ಕೆ ಅವರನ್ನು ಕರೆಯುತ್ತೇವೆ.

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡಿದ್ದೇವೆ. ಮೆಷಿನಿನವ ಅಂಗಳಕ್ಕೆ ಕಾಲಿಟ್ಟ ಹೊತ್ತಿನಿಂದ ಹೊರಡುವ ಹೊತ್ತಿನ ತನಕ ಲೆಕ್ಕ. ಫೈಲ್ ಹಾಕಿದ್ದು, ತೊಗಟೆ ಕೆತ್ತಿದ್ದು, ಮುಚ್ಚಳ ಬಿಚ್ಚಿ ನಾರು ತೆಗೆದದ್ದು, ಎಲ್ಲ ಅದರಲ್ಲಿ. ಒಂದು ದುಂಡು ಫೈಲ್, ಒಂದು ಚಪ್ಪಟೆ ಫೈಲ್, ಒಂದು ಗೇಜ್ ತಂದು ನಮ್ಮ ಚಾವಡಿಯಲ್ಲೇ ಇಟ್ಟಿದ್ದೇನೆ. ಎಲ್ಲ ಸೇರಿ ಒಂದು ಕಿಲೋ ಅಡಿಕೆಯ ಬೆಲೆಗಿಂತ ಹೆಚ್ಚಾಗಲಿಲ್ಲ. ಅವ ಇನ್ನೂ ಬರುತ್ತಾನೆ. ಎಡಗಾಲಿನ ಗೀರು ಕಾಣುತ್ತದೆ. ಮೊದಲ ಸಲ ಫೈಲ್ ಹಾಕಲು ಕೂತಾಗ ನನ್ನ ಮುಖ ನೋಡಿದ. ಈಗ ನೋಡುವುದಿಲ್ಲ, ಸುಮ್ಮನೆ ಕೂತು ಹಾಕುತ್ತಾನೆ.

ಚಾದ ಅಂಗಡಿಯಲ್ಲಿ ಆ ಹುಡಿ ಪಂಚೆಯವರಿಗೆ ನಾನು ಇದನ್ನೆಲ್ಲ ಹೇಳಲಿಲ್ಲ, ಜಗಳ ಬೇಡ ಅಂತ ಎದ್ದುಬಂದೆ. ಅದು ತಪ್ಪು, ಹಾಗಾಗಿ ಇಲ್ಲಿ ಬರೆದಿದ್ದೇನೆ. ನಾಳೆ ನಿಮ್ಮ ತೋಟಕ್ಕೆ ಮೆಷಿನ್ ಬಂದರೆ ಅದರ ಶಬ್ದ ಕೇಳಬೇಡಿ, ಹಿಂದೆ ಬೀಳುವ ರಾಶಿಯಿಂದ ಒಂದು ಹಿಡಿ ತೆಗೆದು ನೋಡಿ. ಹುಡಿ ಇದ್ದರೆ, ಅವ ಕೇಳುವ ಮೊದಲು ನೀವೇ ಕೈ ಎತ್ತಿ ನಿಲ್ಲಿಸಿ. ಅವ ಫೈಲ್ ಹಾಕುವಷ್ಟರಲ್ಲಿ ಒಳಗಿಂದ ಒಂದು ಗ್ಲಾಸು ಚಾ ತಂದುಕೊಡಿ. ಆ ಹೊತ್ತನ್ನು ಲೆಕ್ಕದಿಂದ ತೆಗೆಯಬೇಡಿ.